ಮೇಲ್ದರ್ಜೆಗೇರಲು ಹೋಗಿ ಕಣ್ಣು ಮುಚ್ಚಿದ ಲ್ಯಾಪ್‌ಟಾಪ್: ಕಳೆದುಕೊಳ್ಳುವವರು ಯಾರು?

ದಾವಣಗೆರೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. 2015ರ ಜುಲೈನಲ್ಲಿ ಬಿಡುಗಡೆಯಾಗಿ ಹತ್ತು ವರ್ಷಗಳ ಕಾಲ ಮನೆ, ಕಚೇರಿ, ಕಾಲೇಜುಗಳ ಮೇಜುಗಳನ್ನು ಆಳಿದ ಈ ಕಾರ್ಯಾಚರಣ ವ್ಯವಸ್ಥೆಯ ನಿವೃತ್ತಿಯನ್ನು ಜಗತ್ತಿನ ಮಾಧ್ಯಮಗಳು ಬಹುಮಟ್ಟಿಗೆ ಎರಡು ಬಗೆಯಲ್ಲಿ ಚರ್ಚಿಸಿದವು. ಒಂದು, ಭದ್ರತೆಯ ಅಪಾಯ. ಇನ್ನೊಂದು, ಇ-ತ್ಯಾಜ್ಯದ ರಾಶಿ. ಸುಮಾರು 24 ಕೋಟಿ ಗಣಕಗಳು ಇದರಿಂದಾಗಿ ಗುಜರಿ ಸೇರಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಡಿಸೆಂಬರ್‌ನಲ್ಲಿಯೇ ಅಂದಾಜಿಸಿತ್ತು.

ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಈ ಲೆಕ್ಕ ಅಷ್ಟು ಸರಳವಲ್ಲ. ಇಲ್ಲಿ ಹಳೆಯ ಲ್ಯಾಪ್‌ಟಾಪನ್ನು ಯಾರೂ ಸುಲಭವಾಗಿ ಗುಜರಿಗೆ ಹಾಕುವುದಿಲ್ಲ. ಅಣ್ಣ ಬಳಸಿದ್ದು ತಂಗಿಗೆ ಬರುತ್ತದೆ, ಕಚೇರಿಯಲ್ಲಿ ಸವೆದದ್ದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬರುತ್ತದೆ. ಬೆಂಬಲ ಮುಗಿಯಿತೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿದಾಗ ಜನ ಮಾಡುವ ಮೊದಲ ಕೆಲಸ ಅದೇ ಯಂತ್ರವನ್ನು ವಿಂಡೋಸ್ 11ಕ್ಕೆ ಏರಿಸಲು ಯತ್ನಿಸುವುದು. ಕೆಲವರದು ಏರುತ್ತದೆ. ಕೆಲವರದು ಶೇಕಡಾ ಎಷ್ಟೋ ಎಂಬಲ್ಲಿ ನಿಂತು, ತಾನಾಗಿಯೇ ಆರಿ, ಮತ್ತೆ ಹೊತ್ತಿಕೊಂಡು, ಕೊನೆಗೆ ಕಪ್ಪು ಅಥವಾ ನೀಲಿ ಪರದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಅರ್ಧ ಬರೆದ ಪ್ರಾಜೆಕ್ಟ್ ವರದಿ, ಮಂಡಿಪೇಟೆಯ ಅಂಗಡಿಯ ಟ್ಯಾಲಿ ಲೆಕ್ಕ, ಮದುವೆಯ ಕರೆಯೋಲೆಗಳ ಹತ್ತು ವರ್ಷದ ಕಡತ ಇರುತ್ತವೆ.

ಈ ಘಟ್ಟದಲ್ಲಿ ನಿಜವಾಗಿ ಏನು ಕೆಟ್ಟಿದೆ ಮತ್ತು ಏನು ಕೆಟ್ಟಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಕೆಟ್ಟಿರುವುದು ವ್ಯವಸ್ಥೆಯನ್ನು ಎಬ್ಬಿಸುವ ಭಾಗ ಮಾತ್ರ. ಬಳಕೆದಾರನ ಕಡತಗಳು ಬಹುಪಾಲು ಸಂದರ್ಭಗಳಲ್ಲಿ ಇದ್ದಲ್ಲಿಯೇ ಇರುತ್ತವೆ. ಅವು ಹೋಗುವುದು ಮೇಲ್ದರ್ಜೆ ವಿಫಲವಾದ ಗಳಿಗೆಯಲ್ಲಲ್ಲ, ಅದರ ನಂತರದ ಒಂದೆರಡು ಗಂಟೆಗಳ ಆತುರದಲ್ಲಿ.

ಏಕೆ ಏಳುವುದಿಲ್ಲ?

ಕಾರಣಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ವಿದ್ಯುತ್ತು. ಐದಾರು ವರ್ಷ ಹಳೆಯದಾದ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಚಾರ್ಜರ್ ಚುಚ್ಚಿಕೊಂಡೇ ಬದುಕುವ ಇಂಥ ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿಯುವ ಕೆಲಸ ಆರಂಭಿಸಿದರೆ ನಡುವೆ ಕರೆಂಟು ಹೋದೀತೆಂಬ ಎಣಿಕೆಯನ್ನು ಇಟ್ಟುಕೊಳ್ಳಲೇಬೇಕು. ಬೆಸ್ಕಾಂ ನಿರ್ವಹಣಾ ಕಾಮಗಾರಿಗಾಗಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಮುಂಚಿತವಾಗಿ ಪ್ರಕಟಣೆ ನೀಡುತ್ತದೆ. ಅದನ್ನು ನೀರಿನ ಮೋಟಾರಿಗಾಗಿ ಓದುವವರು ಲ್ಯಾಪ್‌ಟಾಪಿಗಾಗಿಯೂ ಓದುವುದು ಒಳ್ಳೆಯದು. ವಿಂಡೋಸ್ ಮೇಲ್ದರ್ಜೆಗೇರುವಾಗ ಯಂತ್ರ ಹಲವು ಬಾರಿ ಮರುಚಾಲನೆಗೊಳ್ಳುತ್ತದೆ. ಪ್ರತಿ ಹಂತದಲ್ಲೂ ಹಿಂದಿರುಗುವ ದಾರಿಯೊಂದನ್ನು ಉಳಿಸಿಕೊಂಡಿರುತ್ತದೆ. ಹಳೆಯ ವ್ಯವಸ್ಥೆಯನ್ನು ಪ್ರತ್ಯೇಕ ಕಡತಕೋಶದಲ್ಲಿ ಹತ್ತು ದಿನ ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಆದರೆ ಹಿಂದಿರುಗುತ್ತಿರುವಾಗಲೇ ಮತ್ತೊಮ್ಮೆ ವಿದ್ಯುತ್ ಕಡಿತವಾದರೆ, ಅಥವಾ ‘ಇದೇನು ಇಷ್ಟು ಹೊತ್ತು’ ಎಂದು ಯಾರಾದರೂ ಪವರ್ ಗುಂಡಿಯನ್ನು ಒತ್ತಿ ಹಿಡಿದರೆ, ಆ ದಾರಿಯೂ ಮುಚ್ಚಬಹುದು.

ಎರಡನೆಯ ಕಾರಣ ಹೊಸದು, ಹೆಚ್ಚು ಕುತೂಹಲಕಾರಿಯಾದದ್ದು. ವಿಂಡೋಸ್ 11 ಕೆಲವು ಷರತ್ತುಗಳನ್ನು ಹಾಕುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಪೀಳಿಗೆಯದ್ದಾಗಿರಬೇಕು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಯುಇಎಫ್‌ಐ ವಿಧಾನದಲ್ಲಿ ಯಂತ್ರ ಏಳಬೇಕು, ಸೆಕ್ಯೂರ್ ಬೂಟ್ ಸೌಲಭ್ಯ ಇರಬೇಕು, ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ ಇರಬೇಕು. ‘ನಿಮ್ಮ ಗಣಕ ಅರ್ಹವಲ್ಲ’ ಎಂಬ ಉತ್ತರ ಬಂದಾಗ ವೀಡಿಯೊ ನೋಡಿಕೊಂಡು ಬಯೋಸ್ ಒಳಹೊಕ್ಕು ‘ಲೆಗಸಿ’ ಎಂದಿದ್ದನ್ನು ‘ಯುಇಎಫ್‌ಐ’ ಎಂದು ಬದಲಿಸುವವರಿದ್ದಾರೆ. ಹಳೆಯ ವಿಧಾನದಲ್ಲಿ ವಿಂಗಡಿಸಿದ ಡಿಸ್ಕನ್ನು ಹೊಸ ವಿಧಾನಕ್ಕೆ ಪರಿವರ್ತಿಸದೆ ಈ ಒಂದು ಆಯ್ಕೆಯನ್ನಷ್ಟೇ ಬದಲಿಸಿದರೆ ಯಂತ್ರಕ್ಕೆ ತನ್ನ ಡಿಸ್ಕಿನಲ್ಲಿರುವ ವಿಂಡೋಸ್ ಕಾಣಿಸುವುದೇ ಇಲ್ಲ. ‘ಬೂಟ್ ಮಾಡುವ ಸಾಧನ ಸಿಗಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಮೂಡುತ್ತದೆ. ನೋಡಿದವರು ಹಾರ್ಡ್ ಡಿಸ್ಕ್ ಸತ್ತಿತೆಂದು ತಿಳಿಯುತ್ತಾರೆ. ಸತ್ತಿರುವುದಿಲ್ಲ. ಆಯ್ಕೆಯನ್ನು ಮೊದಲಿದ್ದಂತೆ ಮಾಡಿದರೆ ಹಳೆಯ ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ.

ಷರತ್ತುಗಳನ್ನು ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳೂ ಬಳಕೆಯಲ್ಲಿವೆ. ಬಹಳಷ್ಟು ಯಂತ್ರಗಳಲ್ಲಿ ಅವು ನಡೆಯುತ್ತವೆ ಎಂಬುದೂ ನಿಜ. ಆದರೆ 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಈಚೆಗೆ ಕೋರ್ 2 ಡ್ಯುಯೊದಂಥ ಬಹಳ ಹಳೆಯ ಪ್ರೊಸೆಸರುಗಳಲ್ಲಿ ಅದು ಏಳುವುದೇ ಇಲ್ಲ. ಅದಕ್ಕೆ ಬೇಕಾದ ಕೆಲವು ಆದೇಶಗಳು ಆ ಚಿಪ್‌ಗಳಿಗೆ ಗೊತ್ತಿಲ್ಲ. ಅಲ್ಲಿ ಯಾವ ರಿಪೇರಿಯೂ ಫಲಿಸದು.

ಉಳಿದಂತೆ ಸಿ ಡ್ರೈವಿನಲ್ಲಿ ಜಾಗದ ಕೊರತೆ, ಬೂಟ್ ಕಡತಗಳಿರುವ ಸಣ್ಣ ವಿಭಾಗ ತುಂಬಿಹೋಗಿರುವುದು, ಹಳೆಯ ಡ್ರೈವರುಗಳು, ಹಕ್ಕುಪತ್ರವಿಲ್ಲದ ಆ್ಯಂಟಿವೈರಸ್ಸಿನ ಅಡ್ಡಗಾಲು ಇವೆಲ್ಲ ಪರಿಚಿತ ತೊಂದರೆಗಳು.

ತಪ್ಪು ಯಾವಾಗಲೂ ಬಳಕೆದಾರನದೇ?

ಹಾಗೆನ್ನಲು ದಾಖಲೆಗಳು ಬಿಡುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಆವೃತ್ತಿಯೊಂದು ಕೆಲವರ ಖಾಸಗಿ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಮೈಕ್ರೋಸಾಫ್ಟ್ ಅದನ್ನು ಹಿಂತೆಗೆದುಕೊಂಡು, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಡಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಪೂರ್ಣ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. 2025ರ ಮೇ ತಿಂಗಳ ಅಪ್‌ಡೇಟ್ ಕೆಲವು ವಿಂಡೋಸ್ 10 ಯಂತ್ರಗಳನ್ನು ಮರುಪ್ರಾಪ್ತಿ ಕೀಲಿ ಕೇಳುವ ಪರದೆಗೆ ತಳ್ಳಿತು.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ವಿಂಡೋಸ್ 10ರ ಬೆಂಬಲ ಮುಗಿದ ದಿನವೇ ನಡೆಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಅಪ್‌ಡೇಟ್ ಹಾಕಿಕೊಂಡ ಗಣಕಗಳಲ್ಲಿ, ತೊಂದರೆ ಬಂದಾಗ ತೆರೆದುಕೊಳ್ಳುವ ದುರಸ್ತಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆಯೂ ಮೌಸೂ ಕೆಲಸ ಮಾಡಲಿಲ್ಲ. ಆಸ್ಪತ್ರೆಯ ಬಾಗಿಲು ತೆರೆದಿದೆ, ಒಳಗೆ ಹೋಗಲು ಕಾಲಿಲ್ಲ ಎಂಬ ಸ್ಥಿತಿ. ಆರು ದಿನಗಳ ನಂತರ, ಅಕ್ಟೋಬರ್ 20ರಂದು, ತುರ್ತು ಪರಿಹಾರ ಬಂತು. ಹಳೆಯದನ್ನು ಬಿಟ್ಟು ಹೊಸದಕ್ಕೆ ಬನ್ನಿರೆಂದು ಕೋಟ್ಯಂತರ ಜನರನ್ನು ಕರೆದ ವಾರದಲ್ಲಿಯೇ ಹೊಸಮನೆಯ ಹಿಂಬಾಗಿಲು ಜಾಮ್ ಆಗಿತ್ತು.

ಫಾರ್ಮ್ಯಾಟ್ ಎಂಬ ಸರ್ವರೋಗ ನಿವಾರಕ

ಏಳದ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಉತ್ತರ ‘ಫಾರ್ಮ್ಯಾಟ್ ಹೊಡೀಬೇಕು’. ಅಂಗಡಿಯವರನ್ನು ಪೂರ್ತಿ ದೂರುವಂತಿಲ್ಲ. ದೋಷ ಹುಡುಕಲು ಮೂರು ಗಂಟೆ ಬೇಕು, ಅದಕ್ಕೆ ಗಿರಾಕಿ ಹಣ ಕೊಡುವುದಿಲ್ಲ. ಹೊಸದಾಗಿ ವಿಂಡೋಸ್ ಹಾಕಲು ಮುಕ್ಕಾಲು ಗಂಟೆ ಸಾಕು, ಅದಕ್ಕೆ ನಿಗದಿತ ದರವಿದೆ. ಹಾಗಾಗಿ ದರವಿರುವ ಕೆಲಸವೇ ನಡೆಯುತ್ತದೆ.

ಹದಿನೈದು ವರ್ಷಗಳ ಹಿಂದೆ ಈ ಪದ್ಧತಿಯಿಂದ ಅಷ್ಟೊಂದು ಹಾನಿಯಾಗುತ್ತಿರಲಿಲ್ಲ. ಆಗಿನ ಹಾರ್ಡ್ ಡಿಸ್ಕಿನಲ್ಲಿ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿಯನ್ನು ಹರಿದಂತೆ. ಪುಟಗಳು ಉಳಿದಿರುತ್ತಿದ್ದವು, ಮರುಪ್ರಾಪ್ತಿ ತಂತ್ರಾಂಶದಿಂದ ಬಹಳಷ್ಟನ್ನು ಹೆಕ್ಕಬಹುದಿತ್ತು. ಈಗ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಎಸ್‌ಎಸ್‌ಡಿ. ಅದರಲ್ಲಿ ಫಾರ್ಮ್ಯಾಟ್ ಆದೊಡನೆ, ‘ಈ ಜಾಗ ಇನ್ನು ಬೇಡ’ ಎಂಬ ಆದೇಶ ಡಿಸ್ಕಿಗೆ ಹೋಗುತ್ತದೆ. ಡಿಸ್ಕ್ ತನ್ನ ಬಿಡುವಿನಲ್ಲಿ ಪುಟಗಳನ್ನೇ ತೊಳೆದುಬಿಡುತ್ತದೆ. ಆಮೇಲೆ ಬೆಂಗಳೂರಿಗೆ ಒಯ್ದರೂ ಫಲ ಕಡಿಮೆ. ಯಂತ್ರ ಬದಲಾಗಿದೆ, ಅಂಗಡಿಯ ರೂಢಿ ಬದಲಾಗಿಲ್ಲ. ದತ್ತಾಂಶ ಹೋಗುತ್ತಿರುವುದು ಈ ಬಿರುಕಿನಲ್ಲಿ.

ಆದ್ದರಿಂದ ಕ್ರಮ ತಿರುವುಮುರುವಾಗಬೇಕು. ಮೊದಲು ಕಡತಗಳನ್ನು ಹೊರತೆಗೆಯುವುದು, ಆಮೇಲೆ ಯಂತ್ರವನ್ನು ಎಬ್ಬಿಸುವುದು. ಪೆನ್‌ಡ್ರೈವಿನಲ್ಲಿ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯೊಂದನ್ನು ಹಾಕಿ, ಅದರಿಂದಲೇ ಗಣಕವನ್ನು ಚಾಲೂ ಮಾಡಿ, ‘ಸ್ಥಾಪಿಸು’ ಎಂಬುದನ್ನು ಒತ್ತದೆ ‘ಬಳಸಿ ನೋಡು’ ಎಂಬುದನ್ನಷ್ಟೇ ಆರಿಸಿದರೆ ಒಳಗಿನ ಡಿಸ್ಕು ಸಾಮಾನ್ಯ ಕಡತಕೋಶದಂತೆ ತೆರೆದುಕೊಳ್ಳುತ್ತದೆ. ಬೇಕಾದದ್ದನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಬಹುದು. ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ಕವಚದಲ್ಲಿ ಕೂರಿಸಿ ಬೇರೊಂದು ಗಣಕಕ್ಕೆ ಜೋಡಿಸುವುದು ಇನ್ನೊಂದು ದಾರಿ. ಎರಡೂ ಕೆಲಸಗಳು ಊರಿನ ಯಾವುದೇ ಸಾಧಾರಣ ಅಂಗಡಿಯಲ್ಲಿ ಸಾಧ್ಯ. ಗಿರಾಕಿ ಕೇಳಬೇಕು ಅಷ್ಟೆ.

ಕಡತಗಳು ಕೈಗೆ ಬಂದ ಮೇಲೆ ದುರಸ್ತಿಯ ಪ್ರಯೋಗಗಳನ್ನು ನಿಶ್ಚಿಂತೆಯಿಂದ ಮಾಡಬಹುದು. ಸತತವಾಗಿ ಕೆಲವು ಬಾರಿ ಏಳಲು ವಿಫಲವಾದ ವಿಂಡೋಸ್ ತಾನಾಗಿಯೇ ದುರಸ್ತಿ ಪರದೆಯನ್ನು ತೋರುತ್ತದೆ. ಅಲ್ಲಿ ಆರಂಭಿಕ ದುರಸ್ತಿ, ಇತ್ತೀಚಿನ ಅಪ್‌ಡೇಟನ್ನು ತೆಗೆದುಹಾಕುವುದು, ಹಿಂದಿನ ಆವೃತ್ತಿಗೆ ಮರಳುವುದು ಎಂಬ ಆಯ್ಕೆಗಳಿವೆ. ಯಾವುದೂ ಫಲಿಸದಿದ್ದರೆ ಮಾತ್ರ ‘ರೀಸೆಟ್’. ಅದರಲ್ಲೂ ‘ನನ್ನ ಕಡತಗಳನ್ನು ಉಳಿಸು’ ಮತ್ತು ‘ಎಲ್ಲವನ್ನೂ ತೆಗೆದುಹಾಕು’ ಎಂಬ ಎರಡು ಬಗೆ. ಮೊದಲನೆಯದು ಕಡತಗಳನ್ನು ಉಳಿಸಿದರೂ ಹಾಕಿಕೊಂಡಿದ್ದ ತಂತ್ರಾಂಶಗಳನ್ನೆಲ್ಲ ಕಿತ್ತುಹಾಕುತ್ತದೆ. ಪರದೆಯ ಈ ಸಾಲುಗಳು ಬಹುಪಾಲು ಯಂತ್ರಗಳಲ್ಲಿ ಇಂಗ್ಲಿಷಿನಲ್ಲಿರುತ್ತವೆ. ಗಾಬರಿಯಲ್ಲಿರುವ ವ್ಯಕ್ತಿ ಎರಡನೆಯದನ್ನು ಒತ್ತಿಬಿಡುವುದು ಅಸಂಭವವೇನಲ್ಲ.

48 ಅಂಕಿಗಳ ಬೀಗ

ಮೇಲೆ ಹೇಳಿದ ದಾರಿಗಳೆಲ್ಲ ಒಂದು ಷರತ್ತಿಗೆ ಒಳಪಟ್ಟಿವೆ: ಡಿಸ್ಕು ಗೂಢಲಿಪೀಕರಣಗೊಂಡಿರಬಾರದು. ಇಲ್ಲಿಂದ ಮುಂದೆ ಪ್ರಶ್ನೆ ಗಂಭೀರವಾಗುತ್ತದೆ.

ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಕೊಂಡ ಅಥವಾ ಹೊಸದಾಗಿ ಸ್ಥಾಪಿಸಿದ ಗಣಕದಲ್ಲಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಒಳಹೊಕ್ಕರೆ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಚಾಲನೆಯಾಗುವುದು ಸಾಮಾನ್ಯ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಅದಕ್ಕೂ ಮೊದಲಿನಿಂದ ಇದೆ. ಉದ್ದೇಶ ಒಳ್ಳೆಯದು. ಬಸ್ಸಿನಲ್ಲಿ ಕಳವಾದ ಲ್ಯಾಪ್‌ಟಾಪಿನ ಕಡತಗಳನ್ನು ಕಳ್ಳ ಓದಲಾರ. ಆದರೆ ಅಪ್‌ಡೇಟ್ ಎಡವಿದಾಗ, ಬಯೋಸ್ ಆಯ್ಕೆ ಬದಲಾದಾಗ, ಮದರ್‌ಬೋರ್ಡ್ ಬದಲಿಸಿದಾಗ ಯಂತ್ರ ತನ್ನ ಒಡೆಯನನ್ನೂ ಕಳ್ಳನೆಂದೇ ಭಾವಿಸಿ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಲಿನಕ್ಸ್ ಪೆನ್‌ಡ್ರೈವೂ ಇಲ್ಲ, ಯುಎಸ್‌ಬಿ ಕವಚವೂ ಇಲ್ಲ. ಬೆಂಗಳೂರಿನ ಪ್ರಯೋಗಾಲಯಕ್ಕೂ ಅದು ತೆರೆಯುವ ಬೀಗವಲ್ಲ.

ಕೀಲಿ ಎಲ್ಲಿರುತ್ತದೆ? ಸಾಮಾನ್ಯವಾಗಿ ಲ್ಯಾಪ್‌ಟಾಪನ್ನು ಮೊದಲು ಚಾಲೂ ಮಾಡಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಇನ್ನೊಂದು ಗಣಕದಿಂದಲೋ ಮೊಬೈಲಿನಿಂದಲೋ ಆ ಖಾತೆಯನ್ನು ತೆರೆದರೆ ಅಂಕಿಗಳು ಕಾಣಿಸುತ್ತವೆ. ಲ್ಯಾಪ್‌ಟಾಪ್ ಕಾಲೇಜಿನದ್ದೋ ಕಂಪನಿಯದ್ದೋ ಆಗಿದ್ದರೆ ಕೀಲಿ ಆ ಸಂಸ್ಥೆಯ ಐಟಿ ವಿಭಾಗದ ಬಳಿ ಇರಬಹುದು. ತೊಡಕಿರುವುದು ಮೊದಲ ಬಗೆಯಲ್ಲಿ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೇ ಖಾತೆ ತೆರೆದುಕೊಟ್ಟಿದ್ದರೆ, ಆ ಇ-ಮೇಲ್ ವಿಳಾಸ ಒಡೆಯನಿಗೆ ನೆನಪಿರುವುದಿಲ್ಲ. ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ. ನಿತ್ಯ ನಾಲ್ಕು ಅಂಕಿಗಳ ಪಿನ್ ಒತ್ತಿ ಒಳಹೋಗುವವರಿಗೆ ತಮಗೊಂದು ಮೈಕ್ರೋಸಾಫ್ಟ್ ಖಾತೆ ಇದೆಯೆಂಬುದೇ ಗೊತ್ತಿಲ್ಲದಿರಬಹುದು. ಮನೆಗೆ ಬೀಗ ಹಾಕಲಾಗಿದೆ, ಬೀಗದ ಕೈ ಯಾರದೋ ಜೇಬಿನಲ್ಲಿದೆ, ಮನೆಯವರಿಗೆ ಬೀಗ ಹಾಕಿದ ಸುದ್ದಿಯೇ ತಿಳಿದಿಲ್ಲ!

ಗೂಢಲಿಪೀಕರಣವನ್ನು ಪೂರ್ವನಿಯೋಜಿತವಾಗಿ ಚಾಲೂ ಮಾಡುವ ಸಂಸ್ಥೆಯು ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವಂತೆ ಬಳಕೆದಾರನನ್ನು ಆಗಲೇ ಒತ್ತಾಯಿಸಬೇಕಿತ್ತು. ಬ್ಯಾಂಕ್ ಲಾಕರಿನ ಕೀಲಿಯನ್ನು ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದಿಲ್ಲವೇ? ಅಷ್ಟು ಕನಿಷ್ಠ ಸೌಜನ್ಯ ಇಲ್ಲಿ ಕಾಣುತ್ತಿಲ್ಲ. ಮೇಲ್ದರ್ಜೆಗೇರಿಸುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಗೂಢಲಿಪೀಕರಣ ಚಾಲೂ ಇದೆಯೇ ಎಂದು ನೋಡಿ, ಕೀಲಿಯನ್ನು ನೋಟ್‌ಪುಸ್ತಕದಲ್ಲಿ ಬರೆದಿಡುವುದಕ್ಕೆ ಐದು ನಿಮಿಷ ಸಾಕು. ಯಂತ್ರ ಸುಸ್ಥಿತಿಯಲ್ಲಿರುವಾಗ ಮಾತ್ರ ಆ ಐದು ನಿಮಿಷ ಸಿಗುತ್ತದೆ.

ನುಡಿ ಅಕ್ಷರಗಳ ಪಾಡು

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ನಷ್ಟ ಕಾದಿರುತ್ತದೆ. ಕಡತ ಉಳಿದರೂ ಓದಲು ಬಾರದಿರುವ ನಷ್ಟ. ಡಿಟಿಪಿ ಕೇಂದ್ರಗಳು, ಮುದ್ರಣಾಲಯಗಳು, ವಕೀಲರ ಕಚೇರಿಗಳು ವರ್ಷಗಳ ಕಾಲ ನುಡಿ, ಬರಹ, ಶ್ರೀಲಿಪಿ, ಆಕೃತಿ ತಂತ್ರಾಂಶಗಳಲ್ಲಿ ದಸ್ತಾವೇಜುಗಳನ್ನು ಸಿದ್ಧಪಡಿಸಿವೆ. ಅವುಗಳ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ; ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ವ್ಯವಸ್ಥೆ ಅದು. ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಕ್ರಯಪತ್ರದ ಕರಡು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಿದರೆ ಮುಗಿಯಿತು. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳೂ ಉಚಿತವಾಗಿಯೇ ಸಿಗುತ್ತವೆ. ರಾಜ್ಯ ಸರ್ಕಾರ ಯೂನಿಕೋಡ್ ಬಳಕೆಗೆ ಆದೇಶ ಹೊರಡಿಸಿದ್ದು 2012ರಲ್ಲಿ. ಅದಾದ ಮೇಲೂ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸುವ ಅಭ್ಯಾಸ ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಇದರ ಬೆಲೆ ತೆರಬೇಕಾಗುವುದು ಇಂಥ ದಿನಗಳಲ್ಲಿ.

ಟ್ಯಾಲಿ ಬಳಸುವ ವರ್ತಕರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಅದರ ಲೆಕ್ಕದ ಕಡತಕೋಶ ‘ಡಾಕ್ಯುಮೆಂಟ್ಸ್’ ಅಥವಾ ‘ಡೆಸ್ಕ್‌ಟಾಪ್’ನಲ್ಲಿಯೇ ಇರಬೇಕೆಂದಿಲ್ಲ. ‘ಡೆಸ್ಕ್‌ಟಾಪ್‌ನಲ್ಲಿದ್ದದ್ದೆಲ್ಲ ತೆಗೆದಿಟ್ಟಿದ್ದೇನೆ’ ಎಂಬ ಅಂಗಡಿಯವನ ಭರವಸೆಯನ್ನು ನಂಬಿ ಜಿಎಸ್‌ಟಿ ವಿವರ ಸಲ್ಲಿಸುವ ವಾರದಲ್ಲಿ ತಲೆಯ ಮೇಲೆ ಕೈಹೊತ್ತು ಕೂರುವ ಪ್ರಸಂಗ ಬರಬಾರದು.

ಹರಿಹರದ ಲೇತು ಮತ್ತು ಏಳನೇ ಪೀಳಿಗೆ

ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರ ಯಂತ್ರಗಳ ಬಗ್ಗೆ ಪಾಠ ಹೇಳಿಸಿಕೊಳ್ಳಬೇಕಾದ ಊರಲ್ಲ. 1941ರಲ್ಲಿ ಇಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶದ ವರ್ಕ್‌ಶಾಪುಗಳಿಗೆ ಲೇತುಗಳನ್ನು ಕಳುಹಿಸಿತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅಲ್ಲಿ ತಯಾರಾದ ಲೇತನ್ನು ಬಿಚ್ಚಲು, ಸವೆದ ಗೇರನ್ನು ಬದಲಿಸಲು, ಮತ್ತೆ ಓಡಿಸಲು ಯಾರ ಅನುಮತಿಯೂ ಬೇಕಿರಲಿಲ್ಲ. ತಯಾರಕ ಸಂಸ್ಥೆ ಇಲ್ಲವಾದರೂ ಯಂತ್ರ ನಿಲ್ಲಲಿಲ್ಲ. ಇದಕ್ಕೆ ಎದುರಾಗಿ, 2017ರಲ್ಲಿ ಹಣ ಕೊಟ್ಟು ಕೊಂಡ ಏಳನೇ ಪೀಳಿಗೆಯ ಪ್ರೊಸೆಸರ್ ಇರುವ, ಇಂದಿಗೂ ಚೆನ್ನಾಗಿ ಓಡುವ ಲ್ಯಾಪ್‌ಟಾಪು ವಿಂಡೋಸ್ 11ರ ಪಟ್ಟಿಯಿಂದ ಹೊರಗುಳಿದಿದೆ. ಕಬ್ಬಿಣಕ್ಕೂ ತಂತ್ರಾಂಶಕ್ಕೂ ಹೋಲಿಕೆ ಸಲ್ಲದೆಂದು ತಂತ್ರಜ್ಞರು ಹೇಳಬಹುದು. ಭದ್ರತೆಯ ವಾದದಲ್ಲಿ ಹುರುಳಿಲ್ಲವೆಂದೂ ಅಲ್ಲ. ಆದರೆ ಆ ಭದ್ರತೆಯ ಖರ್ಚನ್ನು ಪೂರ್ತಿಯಾಗಿ ಕೊಂಡವನ ತಲೆಗೇ ಕಟ್ಟುವುದು ನ್ಯಾಯವೇ?

ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಇದೇ ಪ್ರಶ್ನೆ ಕೇಳಿದವು. ಫಲವಾಗಿ ವಿಂಡೋಸ್ 10ರ ಸಾಮಾನ್ಯ ಬಳಕೆದಾರರಿಗೆ ಹೆಚ್ಚುವರಿ ಒಂದು ವರ್ಷದ, ಅಂದರೆ 2026ರ ಅಕ್ಟೋಬರ್ 13ರವರೆಗಿನ, ಭದ್ರತಾ ಅಪ್‌ಡೇಟುಗಳನ್ನು ಅಲ್ಲಿ ಉಚಿತವಾಗಿ ನೀಡಲು ಮೈಕ್ರೋಸಾಫ್ಟ್ ಒಪ್ಪಿತು. ಭಾರತವೂ ಸೇರಿದಂತೆ ಉಳಿದೆಡೆ ಮೂರು ದಾರಿಗಳನ್ನು ಇಡಲಾಯಿತು: ಗಣಕದ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಜೋಡಿಸುವುದು, ಆ ಸಂಸ್ಥೆಯ 1,000 ಬಹುಮಾನ ಅಂಕಗಳನ್ನು ವಿನಿಯೋಗಿಸುವುದು, ಇಲ್ಲವೇ 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ ಕಟ್ಟುವುದು. ಪ್ರಬಂಧ ಒಪ್ಪಿಸಲು ಎರಡು ತಿಂಗಳು ಉಳಿದಿರುವ ವಿದ್ಯಾರ್ಥಿಗೆ ಮೇಲ್ದರ್ಜೆಯ ಸಾಹಸಕ್ಕಿಂತ ಇದೇ ಮೇಲು. ಹೀಗೊಂದು ಅವಕಾಶವಿದೆಯೆಂಬುದನ್ನು ಕಾಲೇಜುಗಳು ಒಂದು ಸುತ್ತೋಲೆಯಲ್ಲಿ ತಿಳಿಸಿದರೆ ಸಾಕಿತ್ತು.

ರಾಜ್ಯ ಸರ್ಕಾರದ ಹೊಣೆಯೂ ಇಲ್ಲಿ ಇಲ್ಲದಿಲ್ಲ. 2019–20ನೇ ಸಾಲಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಅಧಿಕ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ವಿತರಿಸುವ ಯೋಜನೆ ಜಾರಿಯಾಯಿತು. ಕೊಟ್ಟ ಯಂತ್ರ ಐದಾರು ವರ್ಷಗಳ ನಂತರ ಏನಾಗಬೇಕೆಂಬುದು ಇಂಥ ಯೋಜನೆಗಳ ಭಾಗವೇ ಆಗುವುದಿಲ್ಲ. ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. ಅಲ್ಲಿನ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಆಧಾರಿತ ಉಚಿತ ವ್ಯವಸ್ಥೆಯೇ ಬಳಕೆಯಲ್ಲಿದೆ; ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ವಿಂಡೋಸ್ 10ರ ಅಂತ್ಯ ಆ ಗಣಕಗಳಿಗೆ ಸಂಬಂಧಿಸಿದ ಸುದ್ದಿಯೇ ಅಲ್ಲ. ದಾವಣಗೆರೆ 2016ರ ಜನವರಿಯಲ್ಲಿಯೇ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಗೆ ಸೇರಿದ ನಗರ. ಇಂಥದೊಂದು ಉಚಿತ ವ್ಯವಸ್ಥೆಯನ್ನು ಹಾಕಿಕೊಡುವ ದುರಸ್ತಿ ಶಿಬಿರವನ್ನು ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳು ವರ್ಷಕ್ಕೆರಡು ಬಾರಿ ನಡೆಸಿದರೆ ಆಗುವ ಖರ್ಚು ಹೆಚ್ಚಿಲ್ಲ.

ಅಂಗಡಿಯ ತಪ್ಪಿನಿಂದಲೇ ದತ್ತಾಂಶ ಹೋದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಹಣ ಪಡೆದು ನೀಡುವ ದುರಸ್ತಿಯೂ ‘ಸೇವೆ’ಯೇ. ಒಪ್ಪಿಗೆ ಪಡೆಯದೆ ಫಾರ್ಮ್ಯಾಟ್ ಮಾಡಿದ್ದನ್ನು ಸೇವಾ ನ್ಯೂನತೆಯೆಂದು ವಾದಿಸಲು ಅವಕಾಶವಿದೆ. ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ದಾವಣಗೆರೆಯಲ್ಲಿಯೇ ಇದೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಆಯೋಗದ ಮುಂದೆ ನಿಲ್ಲಲು ಕಾಗದ ಬೇಕು. ಲ್ಯಾಪ್‌ಟಾಪ್ ಕೊಟ್ಟು ಬರುವಾಗ ಸಿಗುವ ಚೀಟಿಯಲ್ಲಿ ಹೆಸರು, ಮೊಬೈಲ್ ಸಂಖ್ಯೆ ಮತ್ತು ‘ಡೇಟಾಕ್ಕೆ ನಾವು ಜವಾಬ್ದಾರರಲ್ಲ’ ಎಂಬ ಸಾಲಷ್ಟೇ ಇದ್ದರೆ ಆ ವಾದ ದುರ್ಬಲವಾಗುತ್ತದೆ. ‘ಒಳಗಿನ ಕಡತಗಳನ್ನು ಮೊದಲು ನಕಲಿಸಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ಅದೇ ಚೀಟಿಯ ಎರಡೂ ಪ್ರತಿಗಳಲ್ಲಿ ಬರೆಸಿ, ಅಂಗಡಿಯವರ ಸಹಿ ಹಾಕಿಸಿಕೊಂಡು ಬರಲು ಗಿರಾಕಿಗೆ ಯಾವ ಅಡ್ಡಿಯೂ ಇಲ್ಲ.